ಮಾಮೂಲಿ ಮಾತ್ರೆ

ಇಡೀ ಬೆಂಗಳೂರಿನಲ್ಲಿ ನನ್ನ ಇನ್‌ಫ್ಲುಯೆನ್ಸ್ ನಡೆಯುತ್ತಿದ್ದದ್ದು ಒಂದೇ ಒಂದು ಜಾಗದಲ್ಲಿ. ಅಟ್ಟೂರಿನ ನಮ್ಮ ಮನೆ ಹತ್ತಿರದ ಮೆಡಿಕಲ್ ಶಾಪಿನಲ್ಲಿ.

ನಗಬೇಡಿ. ನನ್ನಂಥ ರಿಟೈರ್ಡ್ ಮೇಷ್ಟರಿಗೆ ಅದೇ ದೊಡ್ಡದು. ಸರ್ಕಾರಿ ಆಫೀಸಿಗೆ ಹೋದರೆ ಕೂತ್ಕೊಳ್ಳಿ ಅನ್ನುವವರಿಲ್ಲ. ಬ್ಯಾಂಕಿನಲ್ಲಿ ಟೋಕನ್ ಹಿಡಿದು ನಿಂತರೆ ಊಟದ ಹೊತ್ತಾಗುತ್ತದೆ. ಆದರೆ ಆ ಮೆಡಿಕಲ್ ಶಾಪಿನ ಮುಂದೆ ಎಷ್ಟೇ ರಶ್ ಇರಲಿ, ನಾನು ಹಿಂದಿನಿಂದಲೇ ಕೈ ಎತ್ತಿ "ಮಾಮೂಲಿದು" ಅಂದರೆ ಸಾಕು. ಮಾಲೀಕರು ತಲೆ ಆಡಿಸುತ್ತಿದ್ದರು. ಅವರ ಕೈ ತಾನಾಗಿ ಹಿಂದಿನ ಶೆಲ್ಫಿಗೆ ಹೋಗುತ್ತಿತ್ತು. ಡಾಕ್ಟರ ಚೀಟಿ? ಮೇಷ್ಟರ ಹತ್ತಿರ ಯಾರ್ರೀ ಚೀಟಿ ಕೇಳ್ತಾರೆ! ಪಕ್ಕದಲ್ಲಿ ಚೀಟಿ ಹಿಡಿದು ನಿಂತವರು ನನ್ನ ಮುಖ ನೋಡುತ್ತಿದ್ದರು. ನಾನು ಸ್ವಲ್ಪ ಎದೆ ಉಬ್ಬಿಸಿಕೊಂಡೇ ಸ್ಕೂಟರ್ ಹತ್ತುತ್ತಿದ್ದೆ.

ಆರು ವರ್ಷ ಹೀಗೇ ನಡೆಯಿತು. ಆ ಮಾಮೂಲಿ ನನಗಲ್ಲ, ನಮ್ಮಕ್ಕನಿಗೆ.

ನಮ್ಮಕ್ಕ ಮುನಿಲಕ್ಷ್ಮಮ್ಮ ಇರುವುದು ಕೋಗಿಲಿನಲ್ಲಿ. ಭಾವನವರದು ಅಲ್ಲಿನ ಹಳೇ ಒಕ್ಕಲು ಮನೆತನ. ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಈಗ ನಾಲ್ಕು ಫ್ಲೋರಿನ ಬಾಡಿಗೆ ಮನೆಗಳಿವೆ, ಕೆಳಗಡೆ ಅಕ್ಕನ ಮನೆ. ಇಡೀ ಬೀದಿಗೆ ಅವಳು ದೊಡ್ಡಮ್ಮ. ಬಾಡಿಗೆಗೆ ಇರುವ ಒರಿಸ್ಸಾದ ಹುಡುಗಿಯರೂ ದೊಡ್ಡಮ್ಮ ಅಂತಲೇ ಕರೆಯುತ್ತಾರೆ. ಅಕ್ಕನ ಮಾತು ಅಂದರೆ ಮಾತು. ಆಕೆ ಯಾರ ಮುಂದೆಯೂ ತಪ್ಪಾಯಿತು ಅಂದದ್ದನ್ನು ನನ್ನ ಅರವತ್ತೆರಡು ವರ್ಷದಲ್ಲಿ ನಾನು ಕೇಳಿರಲಿಲ್ಲ. (ಚಿಕ್ಕವನಿದ್ದಾಗ ನನ್ನ ಸ್ಲೇಟು ಮುರಿದದ್ದು ಆಕೆಯೇ. ಇವತ್ತಿಗೂ ಒಪ್ಪಿಲ್ಲ.)

ಅಂಥ ಅಕ್ಕನಿಗೆ ಇದ್ದ ತೊಂದರೆ ಒಂದೇ. ಸೈನಸ್.

ನಮ್ಮ ಯಲಹಂಕದ ಕಡೆ ಯಾರಿಗಿಲ್ಲ ಹೇಳಿ? ಒಂದು ಕಡೆ ರಸ್ತೆ ಅಗೆತ, ಇನ್ನೊಂದು ಕಡೆ ಕಟ್ಟಡದ ಸಿಮೆಂಟು, ಖಾಲಿ ಸೈಟಿನ ತುಂಬಾ ಪಾರ್ಥೇನಿಯಂ. ಚೆನ್ನಾಗಿದ್ದೀರಾ ಅಂದರೆ "ಸೈನಸ್ ಇದೆ ಕಣ್ರೀ" ಅನ್ನುವುದೇ ಉತ್ತರ. (ಸೈನಸ್ ಅಂದರೆ ಮುಖದ ಮೂಳೆಯ ಒಳಗಿರುವ ಟೊಳ್ಳಂತೆ. ಎಲ್ಲರಿಗೂ ಇದ್ದೇ ಇರುತ್ತದಂತೆ. ಸೈನಸ್ ಇದೆ ಅನ್ನುವುದು ಮೊಣಕಾಲು ಇದೆ ಅಂದ ಹಾಗೆ. ಇರಲಿ.) ನನಗೂ ಬೆಳಗಾದರೆ ಸೀನು. ನಾನೂ ದಿನಕ್ಕೊಂದು ನುಂಗುತ್ತೇನೆ. ಅದು ಬರೀ ಅಲರ್ಜಿಗೆ, ಬಿಡಿ.

ಅಕ್ಕನದು ಸೀನಿಗೆ ಮುಗಿಯುವ ಕಾಯಿಲೆ ಆಗಿರಲಿಲ್ಲ. ಮೂಗು ಪೂರ್ತಿ ಕಟ್ಟಿಕೊಂಡಿತ್ತು. ಹಣೆ ನೋವು, ಕೆನ್ನೆ ನೋವು. ಎಲ್ಲಕ್ಕಿಂತ ದೊಡ್ಡದು, ನಾಲ್ಕು ವರ್ಷದಿಂದ ಅವಳಿಗೆ ವಾಸನೆಯೇ ಗೊತ್ತಾಗುತ್ತಿರಲಿಲ್ಲ.

ವಾಸನೆ ಹೋದರೆ ಏನು ಮಹಾ ಅಂತ ನೀವು ಕೇಳಬಹುದು. ಅಕ್ಕನ ಮೂಗಿನ ಚರಿತ್ರೆ ನಿಮಗೆ ಗೊತ್ತಿಲ್ಲ. ಅವರೆಕಾಯಿ ಕಾಲ ಬಂತೆಂದರೆ ಬೀದಿಯ ಹೆಂಗಸರು ಅವಳನ್ನು ಕರೆದುಕೊಂಡೇ ಸಂತೆಗೆ ಹೋಗುತ್ತಿದ್ದರು. ಅವರೆಕಾಯಿಯ ಜೀವ ಇರುವುದು ಅದರ ಸೊಗಡಿನಲ್ಲಿ. ಕೈಗೆ ಅಂಟಿದರೆ ಸೋಪು ಹಾಕಿ ತೊಳೆದರೂ ಬಿಡದ ಆ ಘಮ. ಅಕ್ಕ ಒಂದು ಹಿಡಿ ಕಾಯಿ ಎತ್ತಿ, ಕಣ್ಣು ಮುಚ್ಚಿ, ಮೂಗಿಗೆ ಹಿಡಿದು "ಇದು ಬೇಡ, ಆ ಗುಡ್ಡೆ ತೂಗು" ಅನ್ನುತ್ತಿದ್ದಳು. ಒಂದು ಸಲವೂ ತಪ್ಪಿಲ್ಲ. ಮಾರುವವರು ಅವಳನ್ನು ಕಂಡರೆ ಒಳ್ಳೆಯ ಮೂಟೆಯನ್ನೇ ಬಿಚ್ಚುತ್ತಿದ್ದರು.

ಆ ಅಕ್ಕ ಹೋದ ವರ್ಷದ ಚಳಿಗಾಲದಲ್ಲಿ ಹಿತಕಿದ ಅವರೆಬೇಳೆ ಸಾರು ಮಾಡಿ, ಸೊಸೆಯನ್ನು ಕರೆದು "ಒಗ್ಗರಣೆ ಸೀದದಾ ನೋಡಮ್ಮಾ" ಎಂದು ಕೇಳಿದ್ದನ್ನು ನಾನು ಕಂಡೆ. ಆಮೇಲೆ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. "ಮೂಗಿಲ್ದೋಳು ಒಲೆ ಮುಂದೆ ನಿಂತ್ಕೋಬಾರ್ದು ಕಣೋ ಸೀನಾ" ಎಂದಳು.

ಕಿವಿ ಮೂಗು ಗಂಟಲು ಡಾಕ್ಟರಿಗೆ ತೋರಿಸಿದೆವು. ಮೂಗಿನೊಳಗೆ ದ್ರಾಕ್ಷಿ ಗೊಂಚಲಿನಂತೆ ಗಡ್ಡೆಗಳಿವೆ, ಕ್ಯಾನ್ಸರ್ ಅಲ್ಲ, ತೆಗೆದರೆ ವಾಸನೆ ಬರಬಹುದು, ಆದರೆ ಗ್ಯಾರಂಟಿ ಕೊಡಲ್ಲ ಎಂದರು. ಅಕ್ಕ ಕೇಳಿದ್ದು ಒಂದೇ ಪ್ರಶ್ನೆ. "ಅವರೇಕಾಯಿ ಕಾಲದ ಒತ್ತಿಗೆ ಬರ್ತದಾ?"

ಯುಗಾದಿ ಕಳೆದ ಮೇಲೆ ಆಪರೇಷನ್ನಿಗೆ ದಿನ ಗೊತ್ತಾಯಿತು. ಅದಕ್ಕೆ ಮೊದಲು ಅರಿವಳಿಕೆ ಕೊಡುವ ಡಾಕ್ಟರು ಒಂದು ಸಲ ನೋಡಬೇಕು ಅಂತ ಹೆಬ್ಬಾಳದ ಕಡೆಯ ಆಸ್ಪತ್ರೆಗೆ ಕರೆಸಿದರು. ಹೋದೆವು. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ನನ್ನ ಹಳೇ ವಿದ್ಯಾರ್ಥಿನಿಯರ ವಯಸ್ಸು. ಕೈಯಲ್ಲಿ ಫಾರಂ ಹಿಡಿದು ಒಂದೊಂದೇ ಕೇಳುತ್ತಾ ಟಿಕ್ ಹಾಕುತ್ತಿದ್ದರು.

ಬಿಪಿ? ಇಲ್ಲ. ಶುಗರ್? ಇಲ್ಲ. ಹಲ್ಲು ಕಟ್ಟಿಸಿದ್ದೀರಾ? ಎರಡು. ಗೊರಕೆ? (ಅಕ್ಕ ಇಲ್ಲ ಎಂದಳು. ನಾನು ಹಿಂದಿನಿಂದ ಹೌದು ಎಂದು ತಲೆ ಆಡಿಸಿದೆ.)

"ನಿದ್ದೆ ಮಾತ್ರೆ ತಗೋತೀರಾ ಅಮ್ಮಾ?"

ಅಕ್ಕನಿಗೆ ಸಿಟ್ಟೇ ಬಂತು. "ನಮ್ಮನೇಲಿ ಅಂಥೋರು ಯಾರೂ ಇಲ್ಲ" ಎಂದಳು. ನಾನೂ ನಮ್ಮ ವಂಶದ ಪರವಾಗಿ ಜೋರಾಗಿ ತಲೆ ಆಡಿಸಿದೆ.

"ಬೇರೆ ಏನಾದ್ರೂ ಮಾತ್ರೆ?"

"ಏನಿಲ್ಲ. ಮಾಮೂಲಿದು ಅಷ್ಟೆ."

ಆ ಕಿವಿ ಮೂಗಿನ ಡಾಕ್ಟರಿಗೂ ಅಕ್ಕ ಇದೇ ಉತ್ತರ ಕೊಟ್ಟಿದ್ದಳು. ಅವರ ಕೆಳಗೆ ಕೆಲಸ ಮಾಡುವವರಿಗೂ, ನರ್ಸಿಗೂ. ಎಲ್ಲರೂ ಹೂಂ ಎಂದು ಮುಂದೆ ಹೋಗಿದ್ದರು. ಮಾಮೂಲಿ ಅಂದ ಮೇಲೆ ಕೇಳುವುದಕ್ಕೆ ಏನಿದೆ? ಆದರೆ ಈ ಹುಡುಗಿಯ ಪೆನ್ನು ನಿಂತಿತು.

"ಮಾಮೂಲಿ ಅಂದ್ರೆ ಯಾವ್ದು?"

"ಅದೇ, ಸೈನಸ್ದು."

"ಹೆಸರೇನು?"

ಅಕ್ಕ ನನ್ನ ಮುಖ ನೋಡಿದಳು. ನಾನು ಅಕ್ಕನ ಮುಖ ನೋಡಿದೆ. ಆರು ವರ್ಷ ತಂದುಕೊಟ್ಟವನು, ಮೂವತ್ತು ವರ್ಷ ಮಕ್ಕಳಿಗೆ ಓದು ಕಲಿಸಿದವನು, ಆ ಸ್ಟ್ರಿಪ್ಪಿನ ಮೇಲೆ ಏನು ಬರೆದಿದೆ ಅಂತ ನಾನು ಒಂದು ದಿನವೂ ಓದಿರಲಿಲ್ಲ.

ಅಕ್ಕ ತನ್ನ ಎಲೆ ಅಡಿಕೆ ಚೀಲ ಬಿಚ್ಚಿ ಟೇಬಲ್ಲಿನ ಮೇಲೆ ಸುರಿದಳು. ವೀಳ್ಯದೆಲೆ, ಸುಣ್ಣದ ಡಬ್ಬಿ, ಅಡಕತ್ತರಿ, ಸ್ಟ್ರಿಪ್ಪು, ಜೊತೆಗೆ ಪೇಪರಿನಲ್ಲಿ ಕಟ್ಟಿದ್ದ ಅರ್ಧರ್ಧ ಮಾತ್ರೆಗಳು. ಅಡಕತ್ತರಿ ಯಾಕೆ ಎಂದು ಡಾಕ್ಟರಮ್ಮ ಕೇಳಿದರು.

"ಅರ್ಧ ಮಾಡಕ್ಕೆ. ರಾತ್ರಿ ಒಂದು. ದೂಳು ಜಾಸ್ತಿ ಇದ್ರೆ ಮದ್ಯಾನ ಅರ್ಧ. ಯಾರಾದ್ರೂ ಸೈನಸ್ ಅಂದ್ರೆ ಅವ್ರಿಗೂ ಅರ್ಧ ಕೊಡ್ತೀನಿ." ಈ ಕೊನೆಯ ಮಾತನ್ನು ಅಕ್ಕ ಸ್ವಲ್ಪ ಗತ್ತಿನಿಂದಲೇ ಹೇಳಿದಳು.

ಡಾಕ್ಟರಮ್ಮ ಸ್ಟ್ರಿಪ್ ತಿರುಗಿಸಿ ಓದಿದರು. ಆಮೇಲೆ ಕುರ್ಚಿಯನ್ನು ಅಕ್ಕನ ಹತ್ತಿರಕ್ಕೆ ಎಳೆದುಕೊಂಡು ಕೂತರು. "ಅಮ್ಮಾ, ಇದೇ ನಿದ್ದೆ ಮಾತ್ರೆ" ಎಂದರು.

ಆಗ ಒಂದೊಂದಾಗಿ ಹೊರಗೆ ಬಂತು. ಆರು ವರ್ಷದ ಹಿಂದೆ ಮೂಗು ಕೆಟ್ಟದಾಗಿ ಕಟ್ಟಿ, ಅಕ್ಕ ವಾರಗಟ್ಟಲೆ ನಿದ್ದೆ ಇಲ್ಲದೆ ಒದ್ದಾಡಿದ್ದಳು. ಯಾರೋ ಡಾಕ್ಟರು ಇತರ ಔಷಧಿಗಳ ಜೊತೆ ಇದನ್ನೂ ಹತ್ತು ದಿನಕ್ಕೆ ಬರೆದುಕೊಟ್ಟಿದ್ದರು. ಹತ್ತು ದಿನಕ್ಕೆ ಮಾತ್ರ. ಅಕ್ಕ ನುಂಗಿದಳು, ನಿದ್ದೆ ಬಂತು. ಬೇರೆ ಯಾವ ಔಷಧಿಯೂ ಇಷ್ಟು ಬೇಗ ಹಿಡಿಯಲಿಲ್ಲ, ಹಾಗಾಗಿ ಮೂಗು ಬಿಡಿಸುವ ಮಾತ್ರೆ ಇದೇ ಎಂದು ತೀರ್ಮಾನಿಸಿದಳು. ಚೀಟಿ ಕಳೆದುಹೋಯಿತು. ಆ ಚೀಟಿಯ ಜಾಗಕ್ಕೆ ನಾನು ಬಂದೆ.

"ಈ ಮಾತ್ರೆ ನಿಮ್ಮ ಮೂಗು ಬಿಡಿಸ್ಲಿಲ್ಲ ಅಮ್ಮಾ. ಮೂಗು ಕಟ್ಕೊಂಡೇ ಇತ್ತು. ಕಟ್ಕೊಂಡಿರೋದು ನಿಮಗೆ ಗೊತ್ತಾಗ್ತಿರ್ಲಿಲ್ಲ ಅಷ್ಟೆ" ಎಂದರು ಡಾಕ್ಟರಮ್ಮ.

ಈ ಮಾತು ನನ್ನ ತಲೆಯಿಂದ ಇನ್ನೂ ಹೋಗಿಲ್ಲ. ಹೆಬ್ಬಾಳದ ಫ್ಲೈಓವರ್ ಮೇಲೆ ಗಾಡಿಗಳು ಕಟ್ಟಿಕೊಂಡು ನಿಂತಾಗ ನೋಡಿ, ಎಲ್ಲರ ಕೈಯಲ್ಲೂ ಮೊಬೈಲು. ರಸ್ತೆ ಬಿಡುವುದಿಲ್ಲ, ಕಟ್ಟಿರುವುದು ನಮಗೆ ಗೊತ್ತಾಗುವುದಿಲ್ಲ. ನಾವು ಪರಿಹಾರ ಅಂತ ಕರೆಯುವ ಎಷ್ಟು ಸಂಗತಿಗಳು ಈ ಜಾತಿಯವು?

ಮೂಗು ಕಟ್ಟಿ ಗೊರಕೆ ಹೊಡೆಯುವವರಿಗೆ ಈ ಮಾತ್ರೆ ಉಸಿರನ್ನು ಇನ್ನೂ ನಿಧಾನ ಮಾಡಬಹುದಂತೆ. ಇದನ್ನು ಹೇಳದೆ ಆಪರೇಷನ್ ಟೇಬಲ್ ಹತ್ತಿದ್ದರೆ ಅರಿವಳಿಕೆಯ ಅಳತೆ ತಪ್ಪಬಹುದಿತ್ತಂತೆ. ಹಾಗಂತ ನಾಳೆಯಿಂದಲೇ ನಿಲ್ಲಿಸುವಂತೆಯೂ ಇಲ್ಲ. ಇಷ್ಟು ವರ್ಷ ತೆಗೆದುಕೊಂಡವರು ಥಟ್ಟನೆ ಬಿಟ್ಟರೆ ಫಿಟ್ಸ್ ಕೂಡ ಬರಬಹುದು. ಡಾಕ್ಟರು ಹೇಳಿದ ಹಾಗೆ, ತಿಂಗಳುಗಟ್ಟಲೆ, ಸ್ವಲ್ಪ ಸ್ವಲ್ಪವೇ ಇಳಿಸಬೇಕು. ಅಲ್ಲಿಯವರೆಗೆ ಆಪರೇಷನ್ ಮುಂದಕ್ಕೆ ಹೋಯಿತು.

ಆಟೋ ಕೋಗಿಲು ಕ್ರಾಸ್ ದಾಟುವಾಗ ಅಕ್ಕ ಎಲೆ ಅಡಿಕೆ ಚೀಲದ ಬಾಯಿ ಬಿಗಿದು ಕಟ್ಟಿದಳು. ಆಮೇಲೆ "ತಂದ್ಕೊಟ್ಟೋನು ನೀನು" ಎಂದಳು. ಬೈಗುಳವೂ ಅಲ್ಲ, ಅಳುವೂ ಅಲ್ಲ. ಆ ನನ್ನ ಒಂದೇ ಒಂದು ಇನ್‌ಫ್ಲುಯೆನ್ಸ್ ಅವತ್ತಿಗೆ ಮಣ್ಣುಪಾಲಾಯಿತು. ಮಾಮೂಲಿ ಅನ್ನುವ ಪದಕ್ಕೆ ನಮ್ಮ ಊರಿನಲ್ಲಿ ಇನ್ನೊಂದು ಅರ್ಥ ಇದೆ, ನಿಮಗೂ ಗೊತ್ತು. ಅದು ಸಂದಾಯವಾದರೆ ಯಾರೂ ಏನೂ ಕೇಳುವುದಿಲ್ಲ. ನಾನು ಅಂಗಡಿಯಲ್ಲಿ ಕೈ ಎತ್ತುತ್ತಿದ್ದದ್ದೂ ಅದೇ ಥರದ್ದು ತಾನೇ?

ಮಾತ್ರೆ ಇಳಿಸುವುದಕ್ಕೆ ಮನೋವೈದ್ಯರ ಹತ್ತಿರ ಹೋಗಬೇಕು ಎಂದಾಗ ದೊಡ್ಡ ರಂಪವೇ ಆಯಿತು. "ನಂಗೇನ್ ತಲೆ ಕೆಟ್ಟದಾ? ಕೆಟ್ಟಿರೋದು ಮೂಗು!" ಎಂದು ಅಕ್ಕ ಎರಡು ದಿನ ಊಟ ಬಿಟ್ಟಳು. ಮೂರನೇ ದಿನ ತಾನೇ ಒಳ್ಳೆಯ ಸೀರೆ ಉಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಳು. "ನಡಿ ಓಗಣ. ಅವರೇಕಾಯಿ ಕಾಲ ನಂಗೋಸ್ಕರ ಕಾಯ್ಕೊಂಡ್ ಕೂತಿರ್ತದಾ?"

ಮನೋವೈದ್ಯರು ಮೊದಲು ಮಾಡಿದ ಕೆಲಸ ಅಡಕತ್ತರಿಗೆ ರಜೆ ಕೊಟ್ಟದ್ದು. ಕತ್ತರಿಸಿದರೆ ಅಳತೆ ಹೆಚ್ಚುಕಮ್ಮಿ ಆಗುತ್ತದೆ, ಇದರಲ್ಲೇ ಚಿಕ್ಕ ಮಾತ್ರೆ ಬರುತ್ತದೆ ಎಂದು ಬರೆದುಕೊಟ್ಟರು. ದಿನವೂ ಬೆಚ್ಚಗಿನ ಉಪ್ಪು ನೀರಿನಲ್ಲಿ ಮೂಗು ತೊಳೆಯಬೇಕು, ಮೂಗಿಗೆ ಸ್ಪ್ರೇ ಹೊಡೆದುಕೊಳ್ಳಬೇಕು ಎಂದು ಮೂಗಿನ ಡಾಕ್ಟರೂ ಹೇಳಿದರು. ಅಕ್ಕ ಇದೆಲ್ಲವನ್ನೂ ವ್ರತದಂತೆ ಹಿಡಿದಳು.

ಸುಲಭವಾಗಿತ್ತು ಅಂತ ಸುಳ್ಳು ಹೇಳಲಾರೆ. ಬೆಳಗ್ಗೆ ಹೋದರೆ ಕಣ್ಣು ಕೆಂಡದಂತೆ ಇರುತ್ತಿತ್ತು. ಕಾಫಿ ಲೋಟ ಹಿಡಿದ ಕೈ ನಡುಗುತ್ತಿತ್ತು. ಮಿಕ್ಸಿ ಸದ್ದಿಗೆ ಕಿರುಚುತ್ತಿದ್ದಳು. ಭಾವ ಮಳೆಗಾಲದ ಅರ್ಧವನ್ನು ಮನೆಯ ಹೊರಗಿನ ಜಗಲಿಯಲ್ಲೇ ಕಳೆದರು. ಪ್ರತಿ ಸಲ ಅಳತೆ ಇಳಿಸಿದಾಗ ಒಂದು ವಾರ ಯುದ್ಧ, ಆಮೇಲೆ ಶಾಂತಿ, ಮತ್ತೆ ಇಳಿತ, ಮತ್ತೆ ಯುದ್ಧ.

ಆಷಾಢದಲ್ಲಿ ಒಂದು ಮಧ್ಯಾಹ್ನ ಫೋನ್ ಮಾಡಿದಳು. ದನಿ ತೀರಾ ಸಣ್ಣಗಿತ್ತು. "ಸೀನಾ, ಒಂದೇ ಒಂದು ಸ್ಟ್ರಿಪ್ ತಂದ್ಕೊಡೋ. ಇದೊಂದ್ ಸಲ."

ಹುಟ್ಟಿದಾಗಿನಿಂದ ನನಗೆ ಆಜ್ಞೆ ಮಾಡಿದವಳು ಅವಳು. ಬೇಡಿಕೊಂಡದ್ದು ಅದೇ ಮೊದಲು. ನಾನು ಸ್ಕೂಟರ್ ತೆಗೆದೆ. ಅಂಗಡಿಯ ಮುಂದೆ ನಿಂತೆ. ಮಾಲೀಕರು ನನ್ನ ಮುಖ ಕಂಡದ್ದೇ "ಮಾಮೂಲಿದಾ ಸಾರ್?" ಎನ್ನುತ್ತಾ ಶೆಲ್ಫಿಗೆ ಕೈ ಹಾಕಿದರು. ನಾನು ಬಾಯಿ ಬಿಡಬೇಕಾಗಿಯೂ ಇರಲಿಲ್ಲ, ಸುಮ್ಮನೆ ನಿಂತಿದ್ದರೂ ಸಾಕಿತ್ತು. ಆ ಕೈ ಶೆಲ್ಫಿನಲ್ಲಿ ಇರುವಾಗಲೇ "ಬೇಡ. ಚೀಟಿ ಇಲ್ಲ" ಎಂದೆ. ಅವರು ಚಕಿತರಾಗಿ ನೋಡಿದರು. ನಾನು ಒಂದು ಪೊಟ್ಟಣ ಗಂಟಲಿನ ಚಪ್ಪರಿಸುವ ಮಾತ್ರೆ ತೆಗೆದುಕೊಂಡು ಕೋಗಿಲಿಗೆ ಹೋದೆ.

"ಚೀಟಿ ಇಲ್ದೆ ಕೊಡಲ್ಲ ಅಂದ್ರು ಅಕ್ಕಾ" ಎಂದೆ.

ಅಕ್ಕ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಸುಳ್ಳಾ! ನಿಂಗೆ ಇಲ್ಲ ಅಂತಾರಾ ಅವ್ರು? ಕೈ ಎತ್ತಿದ್ರೆ ಕೊಡ್ತಾರೆ ಅಂತ ಊರೆಲ್ಲಾ ಏಳ್ಕೊಂಡ್ ತಿರುಗ್ತಿದ್ದೆ!" ಹಾಗೆಂದು ಜೋರಾಗಿ ನಕ್ಕಳು. ತುಂಬಾ ದಿನದ ಮೇಲೆ ನಕ್ಕಿದ್ದಳು. ಗಂಟಲಿನ ಮಾತ್ರೆ ಒಂದು ಬಾಯಿಗೆ ಹಾಕಿಕೊಂಡು "ಥೂ, ಇದ್ರಲ್ಲೂ ರುಚಿ ಇಲ್ಲ" ಎಂದಳು. ಆಮೇಲೆ ನಿದ್ದೆ ಮಾತ್ರೆಯನ್ನು ಅವಳು ಕೇಳಲಿಲ್ಲ.

ಇಷ್ಟೇ ಆಗಿದ್ದರೆ ನಾನು ಈ ವಾರ ಇದನ್ನು ಬರೆಯುತ್ತಿರಲಿಲ್ಲ. ಹಟ ಹಿಡಿದು ಗೆಲ್ಲುವುದು ನಮ್ಮಕ್ಕನಿಗೆ ಹೊಸದೇನಲ್ಲ. ನನ್ನ ಎದೆ ತುಂಬಿ ಬಂದದ್ದು ಬೇರೆ ಒಂದು ದಿನ.

ಕೋಗಿಲಿನ ಹೆಂಗಸರ ಸಂಘದ ಮೀಟಿಂಗ್ ಶನಿವಾರ ಮಧ್ಯಾಹ್ನ ಭಜನೆ ಮನೆಯಲ್ಲಿ ನಡೆಯುತ್ತದೆ. ಮಾತ್ರೆ ಪೂರ್ತಿ ನಿಂತ ವಾರ ಅಕ್ಕ ನನ್ನನ್ನು ಕರೆಸಿಕೊಂಡಳು. "ನೀನೂ ಬಾ. ತಂದ್ಕೊಟ್ಟೋನು ನೀನೇ ಅಲ್ವಾ" ಎಂದಳು. ಹೋಗಿ ಬಾಗಿಲಲ್ಲಿ ನಿಂತೆ. ಒಳಗೆ ಇಪ್ಪತ್ತು ಇಪ್ಪತ್ತೈದು ಹೆಂಗಸರು. ಅಕ್ಕ ಎದ್ದು ನಿಂತು ಸೆರಗು ಸರಿಮಾಡಿಕೊಂಡಳು.

"ಆಸ್ಪತ್ರೆಯವರು ಏಳಿದ ದಿನಾನೇ ಇದನ್ನ ನಿಮ್ಗೆ ಏಳ್ಬೇಕಾಗಿತ್ತು. ನಾಚ್ಕೆಗೆ ತಡ ಮಾಡ್ದೆ. ನಾನು ನಿಮ್ಗೆಲ್ಲಾ ಸೈನಸ್ ಮಾತ್ರೆ ಅಂತ ಅರ್ಧರ್ಧ ಕೊಟ್ಟಿದ್ನಲ್ಲಾ, ಅದು ಸೈನಸ್ ಮಾತ್ರೆ ಅಲ್ಲ. ನಿದ್ದೆ ಮಾತ್ರೆ. ಆರು ವರ್ಷ ನಾನೂ ನುಂಗ್ದೆ. ಬಿಡಕ್ಕೆ ಐದು ತಿಂಗಳು ಆಯ್ತು. ಯಾರಾದ್ರೂ ಇನ್ನೂ ನುಂಗ್ತಿದ್ರೆ ನೀವೇ ನಿಲ್ಲಿಸ್ಬೇಡಿ, ಡಾಕ್ಟ್ರ ಅತ್ರ ಓಗಿ. ನಾನೂ ಜೊತೇಲಿ ಬರ್ತೀನಿ." ಎರಡೂ ಕೈ ಜೋಡಿಸಿ, "ತಪ್ಪಾಯ್ತು" ಎಂದಳು.

ಮೂಲೆಯಲ್ಲಿದ್ದ ಒಬ್ಬರು, "ಅದಕ್ಕೇನಾ ದೊಡ್ಡಮ್ಮಾ, ಅವತ್ತು ಒಲೆ ಮೇಲೆ ಅನ್ನ ಇಟ್ಟು ನಾನು ಅಲ್ಲೇ ಗೋಡೆಗೆ ಒರಗ್ಕೊಂಡು ಮಲಗ್ಬುಟ್ಟಿದ್ದು!" ಎಂದರು. ಎಲ್ಲರೂ ನಕ್ಕರು. ನಗು ನಿಂತ ಮೇಲೆ ಮೂರು ಜನ ಮೆಲ್ಲಗೆ ಎದ್ದು ಬಂದು ತಮ್ಮ ತಮ್ಮ ಪರ್ಸಿನಿಂದ ಸ್ಟ್ರಿಪ್ ತೆಗೆದು ಅಕ್ಕನಿಗೆ ತೋರಿಸಿದರು. ಅವು ಅಕ್ಕ ಕೊಟ್ಟವಲ್ಲ. ಅವರವರದೇ ಮಾಮೂಲಿಗಳು. ಅಕ್ಕ ಕನ್ನಡಕ ಹಾಕಿಕೊಂಡು ಒಂದೊಂದನ್ನೂ ತಿರುಗಿಸಿ ನೋಡಿ "ಎಸ್ರು ಬರ್ಕೊಳೋ ಸೀನಾ" ಎಂದಳು. ಬರೆದುಕೊಂಡೆ. ಮುಂದಿನ ವಾರ ಆ ಮೂವರನ್ನೂ ಡಾಕ್ಟರ ಹತ್ತಿರ ಕರೆದುಕೊಂಡು ಹೋದವಳು ಅಕ್ಕನೇ.

ಸ್ಲೇಟು ಮುರಿದದ್ದನ್ನು ಒಪ್ಪದ ನಮ್ಮಕ್ಕ, ಇಡೀ ಬೀದಿಯ ಎದುರು ತಪ್ಪಾಯಿತು ಎಂದಳು. ನನಗೆ ಹೆಮ್ಮೆ ಆಯಿತು ಕಣ್ರೀ. ಅಂಗಡಿಯ ಮುಂದೆ ಉಬ್ಬಿಸಿಕೊಳ್ಳುತ್ತಿದ್ದೆನಲ್ಲ, ಆ ಥರದ್ದಲ್ಲ. ಇದರ ಜೊತೆ ಕಣ್ಣಲ್ಲಿ ನೀರೂ ಬಂತು.

ಆಯುಧಪೂಜೆ ಕಳೆದ ಮೇಲೆ ಆಪರೇಷನ್ ಆಯಿತು. ಅದೇ ಡಾಕ್ಟರಮ್ಮ ಅರಿವಳಿಕೆ ಕೊಟ್ಟರು. ಅದಕ್ಕೂ ಮೊದಲು ಮತ್ತೆ ಫಾರಂ ಹಿಡಿದು "ಬೇರೆ ಏನಾದ್ರೂ ಮಾತ್ರೆ ತಗೋತೀರಾ?" ಎಂದು ಕೇಳಿದರು. ಅಕ್ಕ ಸ್ಪ್ರೇಯ ಹೆಸರು, ಅದರ ಅಳತೆ, ಬರೆದುಕೊಟ್ಟವರ ಹೆಸರು ಎಲ್ಲವನ್ನೂ ಮಗ್ಗಿ ಒಪ್ಪಿಸಿದಂತೆ ಒಪ್ಪಿಸಿದಳು. ಡಾಕ್ಟರಮ್ಮ ನನ್ನ ಕಡೆ ನೋಡಿ ನಕ್ಕರು.

ಆದರೆ ವಾಸನೆ ಬರಲಿಲ್ಲ. ಒಂದು ತಿಂಗಳಾಯಿತು. ಉಸಿರು ಸರಾಗವಾಯಿತು, ಹಣೆ ನೋವು ಹೋಯಿತು. ಕಾಫಿ ಪುಡಿ ಡಬ್ಬಿಯನ್ನು ದಿನವೂ ಮೂಗಿಗೆ ಹಿಡಿದು ನೋಡಿ, ಹಾಗೇ ಮುಚ್ಚಿಡುತ್ತಿದ್ದಳು. ಎರಡು ತಿಂಗಳಾಗುತ್ತಾ ಬಂತು. ಗ್ಯಾರಂಟಿ ಇಲ್ಲ ಎಂದು ಮೊದಲೇ ಹೇಳಿದ್ದರು, ಯಾರನ್ನು ಕೇಳುವುದು?

ಮೊನ್ನೆ ಭಾನುವಾರ ಬೆಳಗ್ಗೆ ಯಲಹಂಕದ ಮಾರ್ಕೆಟ್ಟಿನಲ್ಲಿ ಅವರೆಕಾಯಿ ರಾಶಿ ಕಂಡಿತು. "ಸೊಗಡು ನೋಡಿ ಸಾರ್, ಸೊಗಡು!" ಎಂದು ಮಾರುವವನು ಕೂಗುತ್ತಿದ್ದ. ಎರಡು ಕೇಜಿ ಕಟ್ಟಿಸಿಕೊಂಡು ಹೋಗಿ ಅಕ್ಕನ ಮುಂದೆ ಇಟ್ಟೆ. ಇಟ್ಟ ಮೇಲೆ, ಯಾಕಾದರೂ ತಂದೆನೋ ಅನ್ನಿಸಿತು. ಅಕ್ಕ ಒಂದು ಹಿಡಿ ಎತ್ತಿದಳು. ಕಣ್ಣು ಮುಚ್ಚಿದಳು. ಮೂಗಿಗೆ ಹಿಡಿದಳು. ಸೊಸೆ ಅಡುಗೆ ಮನೆಯ ಬಾಗಿಲಲ್ಲಿ ಹಾಗೇ ನಿಂತಿದ್ದಳು. ನಾನು ನೆಲ ನೋಡುತ್ತಿದ್ದೆ.

"ಯಾವನೋ ಇದನ್ನ ನಿಂಗೆ ಕಟ್ಟಿದ್ದು?"

"ಯಾಕಕ್ಕಾ?"

"ತೂಕ ಬರ್ಲಿ ಅಂತ ನೀರ್ ಒಡ್ದವ್ನೆ. ಸೊಗಡು ಎಲ್ಲದೆ? ಬರೀ ಗೋಣಿಚೀಲದ ನಾತ!"

ಗೋಣಿಚೀಲದ ನಾತ! ನನ್ನ ಕಿವಿಗೆ ಅಷ್ಟು ಒಳ್ಳೆಯ ಸುದ್ದಿ ಯಾವತ್ತೂ ಬಿದ್ದಿರಲಿಲ್ಲ. ಸೊಸೆ ಓಡಿಬಂದು ಅವಳನ್ನು ಅಪ್ಪಿಕೊಂಡಳು. ಬೇಕಾದಷ್ಟು ಬೈದ ಮೇಲೆ ಅಕ್ಕನಿಗೇ ತಾನು ಏನು ಹೇಳಿದೆ ಅನ್ನುವುದು ಹೊಳೆಯಿತು. ಗೋಣಿ ನಾತ ಅಂಟಿದ ಆ ಕಾಯಿಗಳನ್ನು ಮತ್ತೆ ಮತ್ತೆ ಮೂಗಿಗೆ ಹಿಡಿದು ಅತ್ತಳು. ಎರಡು ಕೇಜಿಯನ್ನೂ ವಾಪಸ್ ಕಳಿಸಿದಳು ಅನ್ನುವುದು ಬೇರೆ ವಿಷಯ. ಮಾರುವವನ ಮುಂದೆ ನಿಂತು "ನಮ್ಮಕ್ಕ ಬೇಡ ಅಂದ್ರು" ಎಂದು ಹೇಳುವಾಗ ನನಗೆ ನಾಚಿಕೆಯೇ ಆಗಲಿಲ್ಲ.

ತಿರುಗಿ ಬಂದು ಜಗಲಿಯಲ್ಲಿ ಕಾಫಿಗೆ ಕೂತೆವು. ರಸ್ತೆ ಧೂಳಿಗೆ ನನಗೆ ನಾಲ್ಕು ಸೀನು ಬಂತು. ಅಂಗಿ ಜೇಬಿನಿಂದ ನನ್ನ ಮಾತ್ರೆ ತೆಗೆದೆ.

"ಏನೋ ಅದು?" ಎಂದಳು ಅಕ್ಕ.

"ಅಲರ್ಜಿದು."

"ಎಸ್ರೇನು? ಯಾರ್ ಬರ್ಕೊಟ್ಟಿದ್ದು? ಮದ್ಯಾನ ಎಲ್ಲಾ ತೂಕಡಿಸ್ತೀಯಲ್ಲಾ, ಇದನ್ನ ನುಂಗೇನಾ?"

ಸ್ಟ್ರಿಪ್ ತಿರುಗಿಸಿ ನೋಡಿದೆ. ಹೆಸರಿದ್ದ ಭಾಗ ಯಾವಾಗಲೋ ಹರಿದುಹೋಗಿತ್ತು. ಅಕ್ಕ ಲೋಟ ಕೆಳಗಿಟ್ಟು, ಕನ್ನಡಕ ಏರಿಸಿ, ನನ್ನ ಮುಂದೆ ಕೈ ಚಾಚಿದಳು. ನನ್ನ ಬಾಯಿಗೆ ಬಂದದ್ದು ಒಂದೇ ಪದ.

"ಅದಾ ಅಕ್ಕಾ? ಅದು... ಮಾಮೂಲಿದು."

ನಿಮ್ಮ ಜೇಬಿನಲ್ಲಿ ಇರುವುದರ ಹೆಸರೇನು?